ಒಂದು ಕ್ಲಿಪ್ ಮುಗಿದು ಇನ್ನೊಂದು ಬರುವಷ್ಟರಲ್ಲಿ ಪರದೆ ಕಪ್ಪಾಗುತ್ತದೆ, ಏನು ಮಾಡಲಿ?

ಗಲ್ಲಾಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ಬಸವನಗುಡಿಯಲ್ಲಿ ನಮ್ಮ ಸೋದರಮಾವನದೊಂದು ದರ್ಶಿನಿ ಇದೆ. ಗಲ್ಲಾದ ಮೇಲೆ 43 ಇಂಚಿನ ಟಿವಿ ಹಾಕಿಸಿದ್ದಾರೆ. ಅದರಲ್ಲಿ ತಿಂಡಿಗಳ ವಿಡಿಯೋ ಒಂದಾದ ಮೇಲೊಂದು ಓಡುತ್ತಿರಬೇಕು. ಕಾವಲಿ ಮೇಲೆ ದೋಸೆ ಹುಯ್ಯುವುದು, ಇಡ್ಲಿ ತಟ್ಟೆಯಿಂದ ಹಬೆ ಏಳುವುದು, ಲೋಟದಿಂದ ಡಬರಾಕ್ಕೆ ಕಾಫಿ ಎತ್ತಿ ಸುರಿಯುವುದು, ಹೀಗೆ 11 ಕ್ಲಿಪ್. ಒಂದೊಂದೂ 6ರಿಂದ 9 ಸೆಕೆಂಡ್. ಬೆಳಗ್ಗೆ ಐದೂವರೆಗೆ ಹೋಗಿ ನಾನೇ ಫೋನಲ್ಲಿ ತೆಗೆದದ್ದು. ಧ್ವನಿ ಬೇಡ, ಅಲ್ಲಿರುವ ಗಲಾಟೆಯೇ ಸಾಕು.

ಕೋಡ್ ತೀರಾ ಸರಳ. ಬ್ರೌಸರಿನಲ್ಲಿ ತೆರೆಯುವ ವೆಬ್ ಪುಟ, ಅದರಲ್ಲಿ ಒಂದೇ ವಿಡಿಯೋ ಟ್ಯಾಗ್. ಫೈಲ್ ಹೆಸರುಗಳದೊಂದು ಅರೇ, ಅಂದರೆ ಪಟ್ಟಿ. ಕ್ಲಿಪ್ ಮುಗಿದಾಗ ಬರುವ ಎಂಡೆಡ್ ಈವೆಂಟಿಗೆ ಒಂದು ಫಂಕ್ಷನ್ ಕಟ್ಟಿದ್ದೇನೆ. ಅದು ಎಣಿಕೆಯನ್ನು ಒಂದು ಮುಂದಕ್ಕೆ ತಳ್ಳಿ, ಟ್ಯಾಗಿನ ಎಸ್‌ಆರ್‌ಸಿ (ಯಾವ ಫೈಲ್ ಓಡಬೇಕು ಅನ್ನುವುದು) ಬದಲಾಯಿಸಿ, ಪ್ಲೇ ಕರೆಯುತ್ತದೆ. ಕೊನೆ ಮುಟ್ಟಿದರೆ ಮತ್ತೆ ಸೊನ್ನೆಯಿಂದ.

ಓಡುವುದೇನೋ ಓಡುತ್ತದೆ. ಆದರೆ ಪ್ರತಿ ಸಲ ಕ್ಲಿಪ್ ಬದಲಾಗುವಾಗ ಅರ್ಧ ಸೆಕೆಂಡ್ ಪರದೆ ಕಪ್ಪು. ಕಾಫಿ ಕುಡಿಯುತ್ತಾ ನಿಂತಿದ್ದವರೊಬ್ಬರು ಮಾವನಿಗೆ "ಏನ್ರೀ, ನಿಮ್ಮ ಟಿವಿ ಕಣ್ಣು ಹೊಡೆಯುತ್ತಲ್ಲಾ" ಅಂದರಂತೆ. ಅವತ್ತಿಂದ ನನಗೆ ದಿನಾ ಫೋನ್.

ಅರ್ಧಕಾಫಿ

ಹನ್ನೊಂದನ್ನೂ ಸೇರಿಸಿ ಒಂದೇ ಫೈಲ್ ಮಾಡಿ, ಲೂಪ್ ಹಾಕಿ, ಮಲಗಿ. ವಿಡಿಯೋ ಜೋಡಿಸುವ, ತಿರುಗಿಸುವ ಎಫ್‌ಎಫ್‌ಎಂಪೆಗ್ ತಂತ್ರಾಂಶದಲ್ಲಿ ಕಾನ್‌ಕ್ಯಾಟ್ ಅಂತ ಇದೆ. ಎಲ್ಲ ಕ್ಲಿಪ್ಪಿನ ಕೋಡೆಕ್ (ವಿಡಿಯೋ ಅಡಕ ಮಾಡುವ ವಿಧಾನ), ಅಳತೆ ಒಂದೇ ಇದ್ದರೆ ಮತ್ತೆ ಎನ್‌ಕೋಡ್ ಕೂಡ ಮಾಡಬೇಕಿಲ್ಲ, ಕಾಪಿ ಅಂದರೆ ಸಾಕು, ಕ್ಷಣದಲ್ಲಿ ಮುಗಿಯುತ್ತದೆ. ಇದಕ್ಕೆ ಜಾವಾಸ್ಕ್ರಿಪ್ಟ್ ಯಾಕೆ ಗುರು?

ಗಲ್ಲಾಪೆಟ್ಟಿಗೆ

ವಡೆಯಿಂದಾಗಿ ಗುರು.

ಉದ್ದಿನ ವಡೆ ಹತ್ತೂವರೆಗೆಲ್ಲ ಖಾಲಿ. ಖಾಲಿ ಆದದ್ದನ್ನು ಟಿವಿಯಲ್ಲಿ ತೋರಿಸಿದರೆ ಜನ ಅದೇ ಕೇಳುತ್ತಾರೆ, ಆಮೇಲೆ ಗಲ್ಲಾದಲ್ಲಿ ಜಗಳ. ಮಾವ ಕೂತಲ್ಲೇ ಫೋನಿನಲ್ಲಿ ವಡೆ ಮೇಲೆ ಒತ್ತಿದರೆ ಆ ಕ್ಲಿಪ್ ಹೋಗಬೇಕು. ಮಧ್ಯಾಹ್ನ ಬಿಸಿಬೇಳೆಬಾತ್ ಸೇರಬೇಕು, ಸಂಜೆ ನಾಲ್ಕಕ್ಕೆ ಬಜ್ಜಿ. ಪಟ್ಟಿ ದಿನಕ್ಕೆ ಏಳೆಂಟು ಸಲ ಬದಲಾಗುತ್ತದೆ. ಪ್ರತಿ ಸಲ ಫೈಲ್ ಕೂಡಿಸಿ ಕೊಡುವುದಕ್ಕೆ ನಾನೇನು ಅಲ್ಲೇ ಕೂತಿರಲಾ?

ಅರ್ಧಕಾಫಿ

ಓಹೋ. ಹಾಗಾದರೆ ಸರಿ. ನನ್ನ ಮಾತು ವಾಪಸ್.

ರಾತ್ರಿಪಾಳಿ

ಆ ಅರ್ಧ ಸೆಕೆಂಡಿನಲ್ಲಿ ಒಳಗೆ ಏನಾಗುತ್ತಿದೆ ಅಂತ ಮೊದಲು ನೋಡೋಣ. ನೀವು ಎಸ್‌ಆರ್‌ಸಿ ಬದಲಾಯಿಸಿದ ಕೂಡಲೇ ಬ್ರೌಸರ್ ಹಳೆ ವಿಡಿಯೋವನ್ನು ಪೂರ್ತಿ ಕೈಬಿಡುತ್ತದೆ. ಕೊನೆಯ ಫ್ರೇಮ್ ಕೂಡ ಉಳಿಯುವುದಿಲ್ಲ. ಆಮೇಲೆ ಹೊಸ ಫೈಲ್ ತರಬೇಕು, ಮೆಟಾಡೇಟಾ (ಅಳತೆ, ಅವಧಿಯಂಥ ವಿವರ) ಓದಬೇಕು, ಅಡಕವಾದದ್ದನ್ನು ಬಿಡಿಸುವ ಡಿಕೋಡರ್ ಸಜ್ಜಾಗಬೇಕು, ಮೊದಲ ಫ್ರೇಮ್ ಬಿಡಿಸಬೇಕು. ಅಲ್ಲಿಯವರೆಗೆ ವಿಡಿಯೋ ಟ್ಯಾಗ್ ಬರೀ ಪಾರದರ್ಶಕ. ನಿಮಗೆ ಕಾಣುವ ಕಪ್ಪು ನಿಮ್ಮ ಪುಟದ ಹಿನ್ನೆಲೆ ಬಣ್ಣ. ನಂಬಿಕೆ ಬರದಿದ್ದರೆ ಪುಟಕ್ಕೆ ಹಸಿರು ಕೊಟ್ಟು ನೋಡಿ, ಹಸಿರು ಮಿಂಚುತ್ತದೆ.

ಅಂದರೆ ಗಿರಾಕಿ ಟೋಕನ್ ಕೊಟ್ಟ ಮೇಲೆ ಅಕ್ಕಿ ನೆನೆಹಾಕಲು ಹೋದ ಹಾಗೆ. ಹಿಟ್ಟು ಮೊದಲೇ ರುಬ್ಬಿ ಇಟ್ಟಿರಬೇಕು.

ಒಂದರ ಬದಲು ಎರಡು ವಿಡಿಯೋ ಟ್ಯಾಗ್ ಇಡಿ. ಒಂದೇ ಜಾಗದಲ್ಲಿ, ಒಂದರ ಮೇಲೊಂದು. ರಾಮ, ಲಕ್ಷ್ಮಣ ಅಂತಿಟ್ಟುಕೊಳ್ಳೋಣ. ರಾಮ ದೋಸೆ ತೋರಿಸುತ್ತಿರುವಾಗ ಲಕ್ಷ್ಮಣನಿಗೆ ಇಡ್ಲಿಯ ಎಸ್‌ಆರ್‌ಸಿ ಕೊಟ್ಟು, ಪ್ರೀಲೋಡ್ ಆಟೋ ಅಂತ ಹಾಕಿ, ಲೋಡ್ ಕರೆದು ಸುಮ್ನೆ ಕೂರಿಸಿ. ರಾಮನ ಎಂಡೆಡ್ ಬಂದಾಗ ಲಕ್ಷ್ಮಣನಿಗೆ ಪ್ಲೇ ಹೇಳಿ.

ಎಲ್ಲರೂ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಪ್ಲೇ ಹೇಳಿದ ಮರುಸಾಲಿನಲ್ಲೇ ರಾಮನನ್ನು ಮರೆ ಮಾಡಬೇಡಿ. ಪ್ಲೇ ಹೇಳುವುದಕ್ಕೂ ಫ್ರೇಮ್ ಪರದೆಗೆ ಬರುವುದಕ್ಕೂ ನಡುವೆ ಸಣ್ಣ ಸಂದು ಇದೆ. ಮುಗಿದುಹೋದ ವಿಡಿಯೋ ತನ್ನ ಕೊನೆಯ ಫ್ರೇಮನ್ನು ಹಾಗೇ ಹಿಡಿದುಕೊಂಡು ನಿಂತಿರುತ್ತದೆ, ಅದೇ ನಿಮ್ಮ ಪರದೆ. ಲಕ್ಷ್ಮಣನ ಪ್ಲೇಯಿಂಗ್ ಈವೆಂಟ್ ಬಂದ ಮೇಲೆ ಅವನನ್ನು ಮೇಲೆ ತನ್ನಿ. ಆಮೇಲೆ ರಾಮನಿಗೆ ಅದರ ಮುಂದಿನ ಕ್ಲಿಪ್ ಕೊಡಿ. ಹೀಗೆ ಸರದಿ.

ಮರೆ ಮಾಡಲು ಡಿಸ್‌ಪ್ಲೇ ನನ್ ಬೇಡ, ಓಪಾಸಿಟಿ (ಪಾರದರ್ಶಕತೆ) ಅಥವಾ ಝಡ್ ಇಂಡೆಕ್ಸ್ (ಯಾವುದು ಮೇಲೆ ಅನ್ನುವುದು) ಸಾಕು. ಅಗಲ ಎತ್ತರ ಸಿಎಸ್‌ಎಸ್‌ನಲ್ಲಿ ಗಟ್ಟಿಯಾಗಿ ಬರೆದುಬಿಡಿ. ಇಲ್ಲದಿದ್ದರೆ ಮೆಟಾಡೇಟಾ ಬರುವವರೆಗೆ ಟ್ಯಾಗ್ 300ಕ್ಕೆ 150 ಪಿಕ್ಸೆಲ್ಲಿಗೆ ಕುಗ್ಗಿ ಕೂರುತ್ತದೆ.

ಬನಶಂಕರಿಬಸ್ಸು

ಎಂಡೆಡ್‌ಗೆ ಯಾಕೆ ಕಾಯಬೇಕು? ಟೈಮ್‌ಅಪ್‌ಡೇಟ್ ಈವೆಂಟಿನಲ್ಲಿ ಕರೆಂಟ್‌ಟೈಮ್ ನೋಡಿ, 0.1 ಸೆಕೆಂಡ್ ಉಳಿದಾಗ ಲಕ್ಷ್ಮಣನನ್ನು ಎಬ್ಬಿಸಿದರೆ ಆ ಸಂದೂ ಇರುವುದಿಲ್ಲವಲ್ಲ.

ರಾತ್ರಿಪಾಳಿ

ಟೈಮ್‌ಅಪ್‌ಡೇಟ್ ಅಷ್ಟು ನಂಬಿಕಸ್ಥ ಅಲ್ಲ. ಅದು 15ರಿಂದ 250 ಮಿಲಿಸೆಕೆಂಡಿಗೊಮ್ಮೆ ಬರಬಹುದು ಅಂತ ನಿಯಮದಲ್ಲೇ ಇದೆ. ನೂರು ಮಿಲಿಸೆಕೆಂಡಿನ ಬಾಗಿಲು ತೆರೆದಿಟ್ಟು ಕಾದರೆ ಅದು ಬಾಗಿಲು ಮುಚ್ಚಿದ ಮೇಲೂ ಬರಬಹುದು. ನಮ್ಮ ಬಸ್ ಸ್ಟಾಪಿನ ಕಥೆ ನಿಮಗೆ ಗೊತ್ತಿರಬೇಕಲ್ಲ, ನಿಮ್ಮ ಹೆಸರೇ ಅದು.

ಫ್ರೇಮ್ ಲೆಕ್ಕದಲ್ಲಿ ಬೇಕೆಂದರೆ ರಿಕ್ವೆಸ್ಟ್ ವಿಡಿಯೋ ಫ್ರೇಮ್ ಕಾಲ್‌ಬ್ಯಾಕ್ ಅಂತ ಇದೆ. ಕ್ರೋಮ್‌ಗೆ 2020ರಲ್ಲೇ ಬಂತು, ಫೈರ್‌ಫಾಕ್ಸ್‌ಗೆ 2024ರಲ್ಲಿ. ಅದನ್ನು ಲಕ್ಷ್ಮಣನಿಗೆ ಕಟ್ಟಿದರೆ ಮೊದಲ ಫ್ರೇಮ್ ನಿಜವಾಗಿ ಪರದೆಗೆ ಹೋದಾಗ ಹೇಳುತ್ತದೆ. ದರ್ಶಿನಿ ಟಿವಿಗೆ ಪ್ಲೇಯಿಂಗ್ ಧಾರಾಳ ಸಾಕು. ದೋಸೆ ಕೊನೆಯಲ್ಲಿ ಒಂದೆರಡು ಫ್ರೇಮ್ ಜಾಸ್ತಿ ಹೊತ್ತು ನಿಂತರೆ ಯಾರಿಗೂ ಗೊತ್ತಾಗುವುದಿಲ್ಲ.

ಗಲ್ಲಾಪೆಟ್ಟಿಗೆ

ಮಾಡಿದೆ. ಮನೆಯ ಲ್ಯಾಪ್‌ಟಾಪಿನಲ್ಲಿ ಬೆಣ್ಣೆ ಸವರಿದ ಹಾಗೆ ಜಾರುತ್ತದೆ. ಖುಷಿಯಲ್ಲಿ ಹೋಟೆಲಿಗೆ ಓಡಿದೆ. ಟಿವಿಯಲ್ಲಿ ರಾಮ ಓಡುತ್ತಾನೆ, ಲಕ್ಷ್ಮಣ ಏಳುವುದೇ ಇಲ್ಲ. ಪರದೆ ಮೇಲೆ ದೋಸೆಯ ಕೊನೆ ಫ್ರೇಮ್ ಕಲ್ಲಾಗಿ ನಿಂತಿದೆ. ಮಾವ ನನ್ನನ್ನು ನೋಡುತ್ತಾರೆ, ನಾನು ಟಿವಿ ನೋಡುತ್ತೇನೆ.

ಟಿವಿಯೊಳಗಿನ ಬ್ರೌಸರನ್ನೇ ಬಳಸುತ್ತಿದ್ದೇನೆ. ಅದೇ ತೊಂದರೆನಾ?

ಹಳೇಟಿವಿ

ಅದೇ ತೊಂದರೆ. ಅಂಗಡಿ, ಆಸ್ಪತ್ರೆಗಳಿಗೆ ಪರದೆ ಹಾಕಿಕೊಡುವುದೇ ನನ್ನ ಕೆಲಸ, ಇದನ್ನು ಎಷ್ಟು ಸಲ ನೋಡಿದ್ದೇನೋ. ಬಹಳಷ್ಟು ಟಿವಿಗಳಲ್ಲಿ ಹಾರ್ಡ್‌ವೇರ್ ಡಿಕೋಡರ್ ಒಂದೇ. ಎರಡನೇ ವಿಡಿಯೋ ಟ್ಯಾಗ್ ಪುಟದಲ್ಲಿ ಇರುತ್ತದೆ, ಡಿಕೋಡರ್ ಸಿಗುವುದಿಲ್ಲ. ಕೆಲವು ಟಿವಿ ತಪ್ಪು ಸಂದೇಶ ಕೊಡುತ್ತವೆ, ಕೆಲವು ಅದನ್ನೂ ಕೊಡುವುದಿಲ್ಲ.

ಎಸ್‌ಪಿ ರೋಡಿಗೆ ಹೋಗಿ ಒಂದು ಹಳೆ ಮಿನಿ ಪಿಸಿ ತನ್ನಿ. ಟಿವಿ ಹಿಂಬದಿಗೆ ಅಂಟಿಸಿ, ಎಚ್‌ಡಿಎಂಐ ಚುಚ್ಚಿ. ಕ್ರೋಮ್ ಕಿಯೋಸ್ಕ್ ಮೋಡಿನಲ್ಲಿ ತೆರೆಯುವ ಹಾಗೆ ಮಾಡಿದರೆ ಅಡ್ರೆಸ್ ಪಟ್ಟಿ, ಟ್ಯಾಬ್ ಏನೂ ಕಾಣುವುದಿಲ್ಲ. ಪರದೆ ತಾನಾಗಿ ಮಲಗದ ಹಾಗೆ ಪವರ್ ಸೆಟ್ಟಿಂಗ್ ನೋಡಿಕೊಳ್ಳಿ. ಪಿಸಿಯ ಬಯಾಸ್ ಸೆಟ್ಟಿಂಗಿನಲ್ಲಿ ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗುವ ಆಯ್ಕೆ ಇರುತ್ತದೆ, ಅದನ್ನು ಮರೆಯಬೇಡಿ. ನಮ್ಮೂರಲ್ಲಿ ಒಂದು ಮಳೆ ಬಂದರೆ ಕರೆಂಟ್ ಹೋಗುತ್ತದೆ. ಬೆಳಗ್ಗೆ ಐದೂವರೆಗೆ ಭಟ್ಟರು ಬಂದು ಮೌಸ್ ಹಿಡಿಯುತ್ತಾರಾ?

ಗಲ್ಲಾಪೆಟ್ಟಿಗೆ

ಮಿನಿ ಪಿಸಿ ತಂದೆ ಅಣ್ಣ. ಲಕ್ಷ್ಮಣ ಎದ್ದ. ಆದರೆ ನೀವು ಹೇಳಿದ ಕರೆಂಟಿನ ಪರೀಕ್ಷೆ ಮಾಡಿದೆ, ಪ್ಲಗ್ ಕಿತ್ತು ಹಾಕಿದೆ. ಪುಟ ಬಂತು, ವಿಡಿಯೋ ಶುರುವಾಗಲಿಲ್ಲ. ಕನ್ಸೋಲಿನಲ್ಲಿ ನಾಟ್ ಅಲೌಡ್ ಎರರ್. ಮೌಸಿನಲ್ಲಿ ಒಂದು ಸಲ ಒತ್ತಿದರೆ ಓಡುತ್ತದೆ.

ಬನಶಂಕರಿಬಸ್ಸು

ಮ್ಯೂಟ್ ಮಾಡಿದ್ದೀರಾ?

ಗಲ್ಲಾಪೆಟ್ಟಿಗೆ

ಧ್ವನಿ ತೆಗೆದೇ ಬಿಟ್ಟಿದ್ದೇನಲ್ಲ... ಓ. ಟಿವಿಯ ವಾಲ್ಯೂಮ್ ಸೊನ್ನೆ ಮಾಡಿದ್ದೆ. ಫೈಲಿನಲ್ಲಿ ಧ್ವನಿ ಹಾಗೇ ಇದೆ.

ಬನಶಂಕರಿಬಸ್ಸು

ಅಲ್ಲೇ ಇರುವುದು. ಟಿವಿ ವಾಲ್ಯೂಮ್ ಬ್ರೌಸರಿಗೆ ಹೇಗೆ ಗೊತ್ತಾಗಬೇಕು? 2018ರ ಏಪ್ರಿಲ್‌ನಲ್ಲಿ ಬಂದ ಕ್ರೋಮ್ 66ರಿಂದ ಧ್ವನಿ ಇರುವ ವಿಡಿಯೋ ಯಾರೂ ಮುಟ್ಟದೆ ತಾನಾಗಿ ಓಡುವುದಕ್ಕೆ ಕಡಿವಾಣ ಇದೆ. ಮ್ಯೂಟೆಡ್ ಇದ್ದರೆ ಬಿಡುತ್ತದೆ. ಎರಡೂ ಟ್ಯಾಗಿಗೆ ಮ್ಯೂಟೆಡ್ ಹಾಕಿ, ಒಂದಕ್ಕೆ ಹಾಕಿ ಇನ್ನೊಂದನ್ನು ಮರೆತರೆ ಎರಡನೇ ಕ್ಲಿಪ್ಪಿನಲ್ಲಿ ನಿಲ್ಲುತ್ತದೆ. ಐಫೋನಲ್ಲೂ ನೋಡುವುದಿದ್ದರೆ ಪ್ಲೇಸ್‌ಇನ್‌ಲೈನ್ ಕೂಡ ಬೇಕು, ಇಲ್ಲದಿದ್ದರೆ ವಿಡಿಯೋ ಪೂರ್ತಿ ಪರದೆಗೆ ಹಾರುತ್ತದೆ.

ಹಾಗೇ, ಪ್ಲೇ ಒಂದು ಪ್ರಾಮಿಸ್ ಕೊಡುತ್ತದೆ, ಓಡಿತೋ ಇಲ್ಲವೋ ಅಂತ ಆಮೇಲೆ ತಿಳಿಸುವಂಥದ್ದು. ಅದನ್ನು ಹಿಡಿಯಿರಿ. ಸುಮ್ನೆ ಬಿಟ್ಟರೆ ಯಾಕೆ ಓಡಲಿಲ್ಲ ಅಂತ ನಿಮ್ಮ ಕೋಡಿಗೆ ತಿಳಿಯುವುದೇ ಇಲ್ಲ. ನಾಟ್ ಅಲೌಡ್ ಬಂದರೆ ಅನುಮತಿ ಇಲ್ಲ ಅಂತ. ಅಬಾರ್ಟ್ ಎರರ್ ಬಂದರೆ ನೀವೇ ಪ್ಲೇ ಮುಗಿಯುವ ಮೊದಲು ಎಸ್‌ಆರ್‌ಸಿ ಬದಲಾಯಿಸಿದ್ದೀರಿ ಅಂತ.

ಮಲ್ಲಿಗೆಬಳ್ಳಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದೂ ಕ್ಲಿಪ್ಪಿನ ಸಾಲೇ, ಆದರೆ ಧ್ವನಿ ಇರುವುದು. ಮಕ್ಕಳಿಗೆ ಅಕ್ಷರ ಕಲಿಸುವ ಪುಟ ಮಾಡುತ್ತಿದ್ದೇನೆ. ನಮ್ಮಮ್ಮ ಒಂದೊಂದು ಅಕ್ಷರ ಹೇಳುವ ವಿಡಿಯೋ ತೆಗೆದಿದ್ದೇನೆ, ತುಟಿ ಆಡುವುದು ಕಾಣಬೇಕು ಅಂತ. ಮಗು ಅ, ರ, ಸ ಒತ್ತಿದರೆ ಮೂರೂ ಸಾಲಾಗಿ ಓಡಿ "ಅರಸ" ಆಗಬೇಕು. ರಾಮ ಲಕ್ಷ್ಮಣ ಹಾಕಿದ ಮೇಲೆ ಚಿತ್ರ ಚೆನ್ನಾಗಿದೆ, ಧ್ವನಿ ಮಾತ್ರ ಪ್ರತಿ ಜೋಡಣೆಯಲ್ಲಿ ತೊದಲುತ್ತದೆ. "ಅ... ರ... ಸ..."

ರಾತ್ರಿಪಾಳಿ

ಮೇಡಂ, ಕಣ್ಣು ಕ್ಷಮಿಸುತ್ತದೆ, ಕಿವಿ ಕ್ಷಮಿಸುವುದಿಲ್ಲ. 30 ಫ್ರೇಮಿನ ವಿಡಿಯೋದಲ್ಲಿ ಒಂದು ಫ್ರೇಮ್ ತಪ್ಪಿದರೆ 33 ಮಿಲಿಸೆಕೆಂಡ್, ಯಾರೂ ಗಮನಿಸುವುದಿಲ್ಲ. ಧ್ವನಿಯಲ್ಲಿ ಅಷ್ಟೇ ಸಂದು ಬಂದರೆ ಟಕ್ ಅನ್ನುತ್ತದೆ. ಸಾಲದ್ದಕ್ಕೆ ಎಎಸಿ ಅನ್ನುವ ವಿಧಾನದಲ್ಲಿ ಅಡಕವಾದ ಧ್ವನಿ 1024 ಸ್ಯಾಂಪಲ್ಲಿನ (ಧ್ವನಿಯ ಅಳತೆಯ ಬಿಂದು) ತುಂಡುಗಳಾಗಿ ಇರುತ್ತದೆ. 48,000 ಹರ್ಟ್ಸ್‌ನಲ್ಲಿ ಒಂದು ತುಂಡು ಸುಮಾರು 21 ಮಿಲಿಸೆಕೆಂಡ್. ಎನ್‌ಕೋಡರ್ ಶುರುವಿನಲ್ಲಿ ಸ್ವಲ್ಪ ಖಾಲಿ ಸೇರಿಸುತ್ತದೆ, ಕೊನೆಯ ತುಂಡನ್ನು ಭರ್ತಿ ಮಾಡಲು ಅಲ್ಲೂ ಸೇರಿಸುತ್ತದೆ. ಪ್ರತಿ ಕ್ಲಿಪ್ಪಿನ ಎರಡೂ ತುದಿಗೆ ಹೀಗೆ ಮೌನದ ಅಂಚು.

ಧ್ವನಿಯನ್ನು ವಿಡಿಯೋದಿಂದ ಬೇರೆ ಮಾಡಿ. ವಿಡಿಯೋ ಮ್ಯೂಟ್. ಧ್ವನಿಯನ್ನು ಅಂಚು ಕತ್ತರಿಸಿದ ವೇವ್ ಫೈಲುಗಳಾಗಿ ಇಟ್ಟು, ಬ್ರೌಸರಿನ ವೆಬ್ ಆಡಿಯೋ ಸೌಲಭ್ಯದಲ್ಲಿ ಮೊದಲೇ ಡಿಕೋಡ್ ಮಾಡಿಕೊಳ್ಳಿ. ಅಲ್ಲಿ "ಇದನ್ನು ಇಷ್ಟನೇ ಸೆಕೆಂಡಿಗೆ ಶುರು ಮಾಡು" ಅಂತ ಮುಂಚೆಯೇ ಹೇಳಿಡಬಹುದು, ಸ್ಯಾಂಪಲ್ ಲೆಕ್ಕದಲ್ಲಿ ತಪ್ಪದೆ ಪಾಲಿಸುತ್ತದೆ. ಆ ಗಡಿಯಾರ ನೋಡಿಕೊಂಡು ವಿಡಿಯೋ ಬದಲಾಯಿಸಿ. ಮಗು ಹೇಗೂ ಅಕ್ಷರ ಒತ್ತುವುದರಿಂದ ಅನುಮತಿಯ ಗೋಳು ಇಲ್ಲ.

ಮೀಡಿಯಾ ಸೋರ್ಸ್ ಅಂತ ಇನ್ನೊಂದು ದಾರಿ ಇದೆ. ಒಂದೇ ವಿಡಿಯೋ ಟ್ಯಾಗ್, ನೀವು ಕ್ಲಿಪ್ಪಿನ ಬೈಟುಗಳನ್ನು ಒಂದರ ಹಿಂದೆ ಒಂದು ಸುರಿಯುತ್ತಾ ಹೋಗುವುದು. ಸೀಕ್ವೆನ್ಸ್ ಮೋಡ್ ಇಟ್ಟರೆ ಸುರಿದದ್ದೆಲ್ಲ ಹಿಂದಿನದರ ಬಾಲಕ್ಕೆ ಅಂಟಿಕೊಳ್ಳುತ್ತದೆ. ಮಾಮೂಲಿ ಎಂಪಿ4 ಆಗುವುದಿಲ್ಲ, ಫ್ರಾಗ್ಮೆಂಟೆಡ್ (ತುಂಡು ತುಂಡಾಗಿ ಜೋಡಿಸಿದ್ದು) ಬೇಕು. ಒಂದು ಸುರಿದು, ಅಪ್‌ಡೇಟ್‌ಎಂಡ್ ಬಂದ ಮೇಲೆ ಇನ್ನೊಂದು. ಐಫೋನಲ್ಲಿ ಇದು 2023ರ ಐಒಎಸ್ 17.1ರವರೆಗೆ ಇರಲೇ ಇಲ್ಲ, ಈಗಲೂ ಮ್ಯಾನೇಜ್ಡ್ ಅನ್ನುವ ಬೇರೆ ರೂಪದಲ್ಲಿದೆ. ಗಂಟೆಗಟ್ಟಲೆಯ ಸಾಲಿಗೆ ಸರಿ. ಮೂರು ಅಕ್ಷರಕ್ಕೆ ಬೇಡ ಅನ್ನುತ್ತೇನೆ.

ಮಲ್ಲಿಗೆಬಳ್ಳಿ

ವೆಬ್ ಆಡಿಯೋ ಹಾಕಿದೆ, ಟಕ್ ಹೋಯಿತು. ತುಂಬಾ ಥ್ಯಾಂಕ್ಸ್. ಆದರೆ ಕೇಳಿದರೆ ಇನ್ನೂ "ಅರಸ" ಅಲ್ಲ, ಮೂರು ಬೇರೆ ಬೇರೆ ಅಕ್ಷರ. ಅಮ್ಮನಿಗೆ ತೋರಿಸಿದೆ. "ಬಿಡಿಬಿಡಿಯಾಗಿ ಹೇಳಿದ್ದನ್ನು ಕೂಡಿಸಿದರೆ ಪದ ಆಗುತ್ತಾ? ಪದ ನಾನೇ ಹೇಳುತ್ತೇನೆ, ಅದನ್ನೂ ತೆಗಿ" ಅಂದರು. ಈಗ ಅಕ್ಷರಗಳು ಓಡಿದ ಮೇಲೆ ನಾಲ್ಕನೇ ಕ್ಲಿಪ್ಪಾಗಿ ಇಡೀ ಪದ ಬರುತ್ತದೆ.

ಅರ್ಧಕಾಫಿ

ಅಮ್ಮನ ಪರಿಹಾರ ನಮ್ಮೆಲ್ಲರದಕ್ಕಿಂತ ಚೆನ್ನಾಗಿದೆ.

ಗಲ್ಲಾಪೆಟ್ಟಿಗೆ

ನನ್ನ ಕಡೆಯ ವರದಿ. ಮ್ಯೂಟೆಡ್ ಹಾಕಿದ ಮೇಲೆ ಪ್ಲಗ್ ಕಿತ್ತರೂ ತಾನಾಗಿ ಶುರುವಾಗುತ್ತದೆ. ಎರಡು ದಿನ ಚೆನ್ನಾಗಿ ಓಡಿತು. ಉಳಿದದ್ದು ಎರಡು ತಕರಾರು. ಮೊದಲನೆಯದು, ಮಾವ ಹೊಸದಾಗಿ ತಮ್ಮ ಫೋನಲ್ಲಿ ತೆಗೆದ ಕೇಸರಿಬಾತ್ ಕ್ಲಿಪ್ ಬಂದರೆ ಇಡೀ ಸಾಲು ಅಲ್ಲೇ ನಿಲ್ಲುತ್ತದೆ. ಎರಡನೆಯದು, ಮನೆಯಿಂದ ಪರೀಕ್ಷೆ ಮಾಡುವಾಗ ಐಫೋನಲ್ಲಿ ಒಂದು ಕ್ಲಿಪ್ಪೂ ಓಡುವುದಿಲ್ಲ. ಪೈಥಾನ್ ಜೊತೆ ಬರುವ ಪುಟ್ಟ ಸರ್ವರಿನಿಂದ ಕೊಡುತ್ತಿದ್ದೇನೆ.

ಹಳೇಟಿವಿ

ಕೇಸರಿಬಾತ್ ಎಚ್‌ಇವಿಸಿ ಅನ್ನುವ ಕೋಡೆಕ್‌ನಲ್ಲಿ ಇರಬೇಕು. ಈಗಿನ ಎಷ್ಟೋ ಫೋನುಗಳು ಜಾಗ ಉಳಿಸಲು ಅದರಲ್ಲೇ ತೆಗೆಯುತ್ತವೆ. ಹಾರ್ಡ್‌ವೇರ್ ಬೆಂಬಲ ಇಲ್ಲದ ಹಳೆ ಮಿನಿ ಪಿಸಿಯಲ್ಲಿ ಕ್ರೋಮ್ ಅದನ್ನು ಬಿಡಿಸುವುದಿಲ್ಲ. ಎಲ್ಲ ಕ್ಲಿಪ್ಪನ್ನೂ ಎಚ್.264 ಕೋಡೆಕ್‌ಗೆ ತಿರುಗಿಸಿಡಿ. ತಿರುಗಿಸುವಾಗಲೇ ಫಾಸ್ಟ್‌ಸ್ಟಾರ್ಟ್ ಅನ್ನುವ ಆಯ್ಕೆ ಹಾಕಿ. ಫೈಲಿನ ಸೂಚಿ ಕೊನೆಯಲ್ಲಿದ್ದರೆ ಬ್ರೌಸರ್ ಅಲ್ಲಿಯವರೆಗೆ ಹೋಗಿ ಬರಬೇಕು, ಇದು ಅದನ್ನು ಮುಂದಕ್ಕೆ ತರುತ್ತದೆ. ಧ್ವನಿಯ ಟ್ರ್ಯಾಕನ್ನೂ ಅಲ್ಲೇ ಕಿತ್ತುಹಾಕಿ.

ಬನಶಂಕರಿಬಸ್ಸು

ಐಫೋನಿನದು ಸರ್ವರಿನ ಸಮಸ್ಯೆ. ಸಫಾರಿ ವಿಡಿಯೋವನ್ನು ತುಂಡು ತುಂಡಾಗಿ ಕೇಳುತ್ತದೆ, "ಈ ಬೈಟಿನಿಂದ ಆ ಬೈಟಿನವರೆಗೆ ಕೊಡು" ಅಂತ. ಸರ್ವರ್ 206 (ಕೇಳಿದ ತುಂಡು ಮಾತ್ರ) ಅಂತ ಉತ್ತರ ಕೊಡಬೇಕು. ನಾನು ಬಳಸಿದ ಪೈಥಾನ್ ಆವೃತ್ತಿಯಲ್ಲಿ ಆ ಪುಟ್ಟ ಸರ್ವರ್ ಕೇಳಿದ್ದನ್ನು ಲೆಕ್ಕಿಸದೆ ಇಡೀ ಫೈಲನ್ನು 200 ಅಂತ ಕೊಡುತ್ತಿತ್ತು. ಎಂಜಿನ್‌ಎಕ್ಸ್ ಸರ್ವರ್ ಹಾಕಿಕೊಳ್ಳಿ.

ಸಾಲು ನಿಲ್ಲುವುದಕ್ಕೆ ಕಾರಣ ಏನಂದರೆ, ಕೆಟ್ಟ ಫೈಲಿಗೆ ಎಂಡೆಡ್ ಬರುವುದೇ ಇಲ್ಲ, ಎರರ್ ಬರುತ್ತದೆ. ಎರರ್ ಬಂದರೂ ಮುಂದಿನದಕ್ಕೆ ಹೋಗುವ ಹಾಗೆ ಬರೆಯಿರಿ. ನಡುವೆ ಒಂದು ಸೆಕೆಂಡ್ ತಡ ಇಡಿ, ಇಲ್ಲದಿದ್ದರೆ ಎಲ್ಲ ಫೈಲೂ ಕೈಕೊಟ್ಟ ದಿನ ಕೋಡ್ ಗಾಣದೆತ್ತಿನ ಹಾಗೆ ಸುತ್ತುತ್ತದೆ. ಟ್ಯಾಗಿಗೆ ಲೂಪ್ ಹಾಕಿದ್ದರೂ ಎಂಡೆಡ್ ಬರುವುದಿಲ್ಲ, ಅದನ್ನೂ ನೋಡಿಕೊಳ್ಳಿ.

ಗಲ್ಲಾಪೆಟ್ಟಿಗೆ

ಎಲ್ಲ ಸರಿಯಾಯಿತು, ಒಂದು ಬಿಟ್ಟು. ವಡೆ!

ಇವತ್ತು 10:40ಕ್ಕೆ ವಡೆ ಖಾಲಿ, ಮಾವ ಫೋನಲ್ಲಿ ಒತ್ತಿ ತೆಗೆದರು. ಆದರೂ ಟಿವಿಯಲ್ಲಿ ಇನ್ನೊಂದು ಸಲ ವಡೆ ಬಂತು. ಎಣ್ಣೆಯಿಂದ ಎತ್ತುವ ಶಾಟ್, ನೋಡಿದರೆ ಬಾಯಲ್ಲಿ ನೀರು. ಆ ಒಂದು ಸಲಕ್ಕೆ ಇಬ್ಬರು ಬಂದು ಟೋಕನ್ ಕೇಳಿದರು. ಆಮೇಲೆ ಬರಲಿಲ್ಲ. ನಿನ್ನೆಯೂ ಹೀಗೇ ಆಗಿತ್ತಂತೆ, ಮೊನ್ನೆ ಆಗಿರಲಿಲ್ಲ.

ಅರ್ಧಕಾಫಿ

ಕ್ಯಾಶ್. ಬ್ರೌಸರ್ ಎತ್ತಿಟ್ಟುಕೊಂಡಿರುವ ಪಟ್ಟಿಯ ಹಳೆ ಪ್ರತಿಯೇ ಬರುತ್ತಿದೆ.

ಬನಶಂಕರಿಬಸ್ಸು

ಹೌದು, ಕ್ಯಾಶ್. ಪಟ್ಟಿ ಫೆಚ್ ಮಾಡುವಾಗ (ತರಿಸುವಾಗ) ನೋ ಸ್ಟೋರ್ ಹಾಕಿ, ಹಳೆ ಪ್ರತಿ ಬಳಸುವುದಿಲ್ಲ.

ಗಲ್ಲಾಪೆಟ್ಟಿಗೆ

ಮೊದಲ ದಿನದಿಂದಲೂ ಹಾಕಿದ್ದೇನೆ. ನೆಟ್‌ವರ್ಕ್ ಪಟ್ಟಿಯಲ್ಲಿ ನೋಡಿದೆ, ಹೊಸ ಪಟ್ಟಿಯೇ ಬರುತ್ತಿದೆ, ವಡೆ ಅದರಲ್ಲಿ ಇಲ್ಲ.

ರಾತ್ರಿಪಾಳಿ

ಮಾವ ಒತ್ತಿದಾಗ ಪರದೆಯಲ್ಲಿ ಏನಿತ್ತು?

ಗಲ್ಲಾಪೆಟ್ಟಿಗೆ

ಇಡ್ಲಿ. ಪಟ್ಟಿಯಲ್ಲಿ ವಡೆಯ ಹಿಂದಿನದು...

ಅಯ್ಯೋ. ಲಕ್ಷ್ಮಣ!

ಇಡ್ಲಿ ಓಡುತ್ತಿರುವಾಗ ವಡೆ ಆಗಲೇ ಲಕ್ಷ್ಮಣನ ಕೈಯಲ್ಲಿದೆ. ಪಟ್ಟಿಯಿಂದ ತೆಗೆದರೂ ಅವನು ಬಿಡುವುದಿಲ್ಲ. ಮೊನ್ನೆ ಮಾವ ಬೇರೆ ಕ್ಲಿಪ್ ಓಡುವಾಗ ಒತ್ತಿರಬೇಕು.

ರಾತ್ರಿಪಾಳಿ

ಅಷ್ಟೇ. ನಾನು ಹಿಟ್ಟು ರುಬ್ಬಿಡಿ ಅಂದೆ, ರುಬ್ಬಿದ್ದು ಬೇಡವಾದರೆ ಏನು ಅಂತ ಹೇಳಲಿಲ್ಲ, ತಪ್ಪು ನನ್ನದೂ ಇದೆ. ಪಟ್ಟಿಯನ್ನು ಕ್ಲಿಪ್ ಬದಲಾಗುವಾಗ ಮಾತ್ರ ನೋಡಬೇಡಿ, ಸೆಕೆಂಡಿಗೊಮ್ಮೆ ನೋಡಿ. ಕಾಯುತ್ತಿರುವ ಕ್ಲಿಪ್ ಪಟ್ಟಿಯಲ್ಲಿ ಇಲ್ಲದಿದ್ದರೆ ಕೂಡಲೇ ಅವನಿಗೆ ಬೇರೆ ಎಸ್‌ಆರ್‌ಸಿ ಕೊಡಿ. ಅವನು ಕೆಳಗೆ ಇರುವುದರಿಂದ ಏನು ಬದಲಾದರೂ ಯಾರಿಗೂ ಕಾಣುವುದಿಲ್ಲ. ತೀರಾ ಕೊನೆ ಸೆಕೆಂಡಿನಲ್ಲಿ ಒತ್ತಿದರೆ ಹೊಸದು ಸಿದ್ಧವಾಗುವವರೆಗೆ ರಾಮ ತನ್ನ ಕೊನೆ ಫ್ರೇಮ್ ಹಿಡಿದು ನಿಂತಿರಲಿ. ಲಕ್ಷ್ಮಣನ ಕ್ಯಾನ್‌ಪ್ಲೇ ಬಂದ ಮೇಲೆ ಹೊರಡಿ. ಕಪ್ಪಂತೂ ಆಗುವುದಿಲ್ಲ.

ಇನ್ನೊಂದು ಇದೆ. ಒತ್ತಿದಾಗ ಪರದೆಯಲ್ಲಿ ಓಡುತ್ತಿರುವುದೇ ವಡೆ ಆಗಿದ್ದರೆ? ಅರ್ಧಕ್ಕೇ ಕತ್ತರಿಸಬೇಕಾ, ಮುಗಿಯಲು ಬಿಡಬೇಕಾ? ಅದನ್ನು ಮಾವನನ್ನೇ ಕೇಳಿ.

ಗಲ್ಲಾಪೆಟ್ಟಿಗೆ

ಬರೆದು ಹಾಕಿದೆ. ಈ ಬೆಳಗ್ಗೆ ಇಡ್ಲಿ ಓಡುವಾಗಲೇ ಬೇಕೆಂದು ಒತ್ತಿಸಿ ನೋಡಿದೆ, ಇಡ್ಲಿ ಆದಮೇಲೆ ನೇರ ಖಾರಾಬಾತ್ ಬಂತು.

ಕತ್ತರಿಸುವ ವಿಷಯ ಮಾವನನ್ನು ಕೇಳಿದೆ. "ಓಡುತ್ತಿರುವುದನ್ನು ನಡುವೆ ಕೀಳಬೇಡ, ನೋಡುತ್ತಿದ್ದವರಿಗೆ ಬೇಜಾರಾಗುತ್ತೆ" ಅಂದರು. "ಮತ್ತೆ ಅಷ್ಟರಲ್ಲಿ ಯಾರಾದರೂ ವಡೆ ಕೇಳಿದರೆ?" ಅಂದೆ. ಒಳಗೆ ಭಟ್ಟರಿಗೆ ಕೂಗಿ ಹೇಳಿದರು, ಇನ್ನು ಮೇಲೆ ಎರಡು ವಡೆ ಯಾವಾಗಲೂ ಎತ್ತಿಟ್ಟಿರಬೇಕಂತೆ.